ಸಿಮೆಂಟಿಗೆ ಬೆಲ್ಲ ಉಣಿಸಿದವರು

ನಮ್ಮ ಭಾವನವರು, ಅಂದರೆ ನಿಮ್ಮಜ್ಜನ ಅಣ್ಣ, ಮನೆಯ ಮಕ್ಕಳಿಗಿಂತ ಸಿಮೆಂಟಿಗೇ ಹೆಚ್ಚು ಉಣಿಸಿದ ಮನುಷ್ಯ. ಸುಳ್ಳಲ್ಲ! ನಾನು ಸೊಸೆಯಾಗಿ ಬಂದ ಮೊದಲ ವರ್ಷ ಅಡುಗೆಮನೆಯಲ್ಲಿ ಬೆಲ್ಲ, ಮೆಂತ್ಯ ಯಾವುದೂ ಇಟ್ಟಲ್ಲಿ ಇರುತ್ತಿರಲಿಲ್ಲ. ಇಲಿ ಎಂದುಕೊಂಡು ಬೋನು ಇಟ್ಟೆ. ಸಿಕ್ಕಿದ್ದು ಭಾವನವರ ಬೆರಳು!

ಅವರು ಗೌಂಡಿ. ಹುನಗುಂದದ ಸುತ್ತಲಿನ ಊರುಗಳಲ್ಲಿ ಮನೆ ಕಟ್ಟಿಸುವವರು ಮೊದಲು ಅವರನ್ನೇ ಕೇಳುತ್ತಿದ್ದರು. ಗೌಂಡಿಗೆ ಹೊಲವಿಲ್ಲ, ಅಂಗಡಿಯಿಲ್ಲ, ಹೆಸರೇ ಅನ್ನ. ಚಿಕ್ಕಂದಿನಲ್ಲಿ ತಂದೆಯ ಜೊತೆ ಇಳಕಲ್ಲಿನ ಹಳೆಯ ವಾಡೆಗಳಿಗೆ, ಆ ದೊಡ್ಡ ಮನೆಗಳಿಗೆ, ಸುಣ್ಣದ ಗಾರೆ ಅರೆದು ಬೆಳೆದವರು. ಆ ಗಾರೆಗೆ ಬೆಲ್ಲದ ನೀರು, ಮೆಂತ್ಯದ ಲೋಳೆ, ಮರದ ಅಂಟು ಎಲ್ಲವೂ ಬೀಳುತ್ತಿತ್ತು. ಹೀಗಾಗಿ ಸಿಮೆಂಟು ಕಂಡರೆ ಅವರಿಗೆ ಕರುಣೆ.

“ಪಾಪ ಅದು! ಬರೀ ನೀರು ಕುಡದು ಹೆಂಗ ಗಟ್ಟಿ ಆಗಬೇಕು? ನೀ ಆಗ್ತೀಯೇನ ಯವ್ವಾ?” ಎಂದು ನನ್ನನ್ನು ಕೇಳುತ್ತಿದ್ದರು. ನಾನು ಸೆರಗು ಮುಂದಕ್ಕೆಳೆದುಕೊಂಡು ಒಳಗೆ ಹೋಗುತ್ತಿದ್ದೆ. ಇಂಥ ಪ್ರಶ್ನೆಗೆ ಉತ್ತರವನ್ನು ನಮ್ಮೂರ ಸಾಲೆಯಲ್ಲಿ ಕಲಿಸಿರಲಿಲ್ಲ.

ಇಳಕಲ್ಲಿನ ಒಬ್ಬ ಸಾವಕಾರರ ಮನೆಯಲ್ಲಿ ನೀರಿನ ತೊಟ್ಟಿ ಸೋರುತ್ತಿತ್ತು. ಮೂವರು ಗೌಂಡಿಗಳು ಸೋತ ಮೇಲೆ ಭಾವನವರು ಬಾಗಿಲು ಹಾಕಿಕೊಂಡು ಏನೋ ಕಲಸಿ ತೊಟ್ಟಿಯ ಒಳಮೈಗೆಲ್ಲ ಗಿಲಾಯಿ ಬಳಿದರು. ಸೋರುವುದು ನಿಂತಿತು. ಸಾವಕಾರರಿಗೆ ಸಂತೋಷದ ಜೊತೆಗೆ ಸಂಶಯ.

“ಏನ್ ಕೂಡಿಸಿದಿ ಮೇಸ್ತ್ರಿ, ಅದ್ರಾಗ?”

“ಹೇಳೂದಿಲ್ರಿ ಸಾವಕಾರ್ರ. ಹೇಳಿದ್ರ ನೀವು ಆ ನೀರು ಕುಡಿಯೂದಿಲ್ಲ.”

ಅಪ್ಪಟ ಸಸ್ಯಾಹಾರಿಗಳ ಮನೆ ಅದು. ಅಂದು ಸಂಜೆ ಭಾವನವರ ಚೀಲದಲ್ಲಿ ಎರಡು ಡಜನ್ ಕೋಳಿಮೊಟ್ಟೆಯ ಬರೀ ಸಿಪ್ಪೆ ಇದ್ದದ್ದನ್ನು ನಾನೇ ಕಂಡಿದ್ದೇನೆ!

ಇನ್ನೊಮ್ಮೆ ಬಾಗಲಕೋಟೆಯ ಕೆಲಸಕ್ಕೆ ಹೋದಾಗ ಇಂಜಿನಿಯರರು ಕಂದು ಬಣ್ಣದ ಎಣ್ಣೆಯಂಥದ್ದನ್ನು ಕ್ಯಾನಿನಲ್ಲಿ ತಂದಿದ್ದರಂತೆ. ಅದನ್ನು ಸ್ವಲ್ಪ ಬೆರೆಸಿದರೆ ಕಡಿಮೆ ನೀರಿಗೇ ಕಾಂಕ್ರೀಟು ಸಲೀಸಾಗಿ ಹರಿಯುತ್ತದೆ; ನೀರು ಕಡಿಮೆಯಾದಷ್ಟೂ ಬಲ ಹೆಚ್ಚು. ವಿದ್ಯಾಗಿರಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ನಿಮ್ಮಕ್ಕನ ಪುಸ್ತಕದಲ್ಲಿ ಇಂಥವಕ್ಕೆ ‘ಅಡ್ಮಿಕ್ಸ್ಚರ್’ ಎಂಬ ದೊಡ್ಡ ಹೆಸರಿದೆಯಂತೆ. ಭಾವನವರು ಹೆಸರು ಕೇಳಲಿಲ್ಲ. ಬೆರಳು ಅದ್ದಿ ನೆಕ್ಕಿದರು!

“ಏ ಮೇಸ್ತ್ರಿ! ಕೆಮಿಕಲ್ ಅದು, ಸತ್ತೀಯೋ!”

“ಸಾಯೂದಿಲ್ರಿ ಸಾಹೇಬ್ರ. ಇದು ನಮ್ಮ ಬೆಲ್ಲದ ಚಿಗವ್ವನ ಮಗ. ಪ್ಯಾಂಟ್ ಹಾಕ್ಕೊಂಡು ಬಂದೈತಿ, ಅಷ್ಟ.”

ಇಂಜಿನಿಯರರು ನಕ್ಕು ಒಂದು ಮಾತು ತಿಳಿಸಿದರು. ಸುಣ್ಣಕ್ಕೆ ಬೆಲ್ಲ ಎಷ್ಟಾದರೂ ಒಗ್ಗೀತು, ಸಿಮೆಂಟಿಗೆ ಒಗ್ಗದು. ಒಂದು ಚೀಲ ಸಿಮೆಂಟಿಗೆ ಅಡಿಕೆಯಷ್ಟು ಬಿದ್ದರೆ ಬಿಸಿಲಿನಲ್ಲಿ ಅವಸರದಿಂದ ಬಿಗಿಯುವುದು ತಪ್ಪುತ್ತದೆ. ಹೆಚ್ಚು ಬಿದ್ದರೆ ಬಿಗಿಯುವುದೇ ಇಲ್ಲ. ಅಂದಿನಿಂದ ಭಾವನವರು ಬೆಲ್ಲವನ್ನು ಬಂಗಾರದಂತೆ ತೂಗತೊಡಗಿದರು. ಇದೆಲ್ಲ ಗಂಡಸರ ಮಾತು. ನನ್ನ ಕಿವಿಗೆ ಬಿದ್ದದ್ದು ಬಹಳ ತಡವಾಗಿ.

ಮುಂದೆ ನಿಮ್ಮಜ್ಜ ತೀರಿಹೋದರು. ಎರಡು ಮಕ್ಕಳನ್ನು ಕಟ್ಟಿಕೊಂಡು ನಾನು ತಗಡಿನ ಕೋಣೆಯಲ್ಲಿದ್ದೆ. ಬೇಸಿಗೆಯಲ್ಲಿ ಆ ತಗಡು ಕಾದ ಹಂಚು. “ನನ್ನ ತಮ್ಮನ ಮಕ್ಕಳು ರೊಟ್ಟಿಯಂಗ ಬೇಯಬಾರದು” ಎಂದು ಭಾವನವರು ತಾವೇ ಸ್ಲ್ಯಾಬ್ ಹಾಕಲು ನಿಂತರು.

ಆ ಬೆಳಿಗ್ಗೆ ಅಂಗಳದ ತುಂಬ ಗಂಡಾಳು. ಭಾವನವರು ಅಟ್ಟಣಿಗೆಯ ಮೇಲಿಂದ ಕೂಗಿದರು: “ಯವ್ವಾ, ಆ ನೀರಿನ ಬ್ಯಾರಲ್ಲಿಗೆ ಒಂದು ಚೂರು ಬೆಲ್ಲ ಕರಗಿಸು!”

ಚೂರು ಎಂದರೆ ಎಷ್ಟು? ಅಷ್ಟು ಜನರ ನಡುವೆ ಕೇಳಲು ನನಗೆ ಬಾಯಿ ಬರಲಿಲ್ಲ. ಗಾರೆಗೆ ಬೆಲ್ಲ ಬಿದ್ದಷ್ಟೂ ಗಟ್ಟಿ ಎಂದು ಅವರೇ ಹೇಳಿದ್ದುಂಟಲ್ಲ! ಗಂಡನಿಲ್ಲದ ಮನೆ, ತಲೆಯ ಮೇಲಿನದಾದರೂ ಗಟ್ಟಿಯಾಗಿರಲಿ ಎಂದು ಒಂದು ಇಡೀ ಅಚ್ಚು ಹಾಕಿಬಿಟ್ಟೆ.

ಮರುದಿನ ಸ್ಲ್ಯಾಬ್ ಮೆತ್ತಗೆ. ಮೂರನೆಯ ದಿನವೂ ಮೆತ್ತಗೆ. ಕಾಗೆ ನಡೆದರೆ ಹೆಜ್ಜೆ ಮೂಡುತ್ತಿತ್ತು.

“ಸ್ಲ್ಯಾಬ್ ಹಾಕ್ಯಾನೋ, ಶಿರಾ ಮಾಡ್ಯಾನೋ ಮೇಸ್ತ್ರಿ?” ಎಂದು ಓಣಿಯೆಲ್ಲ ನಗು.

ಭಾವನವರು ಮೇಲೆ ಹತ್ತಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಆಮೇಲೆ ಬಾಗಿಲಲ್ಲಿದ್ದ ನನ್ನನ್ನು ನೋಡಿದರು. ಅವರು ಓಣಿಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು:

“ನಂದ ಕೈ ತಪ್ಪೇತ್ರಪಾ. ಬೆಲ್ಲ ಜಾಸ್ತಿ ಬಿತ್ತು. ವಯಸ್ಸಾತಲ್ಲ!”

ಆ ವಾರವೇ ಹುನಗುಂದದಲ್ಲಿ ಒಪ್ಪಿಕೊಂಡಿದ್ದ ಮನೆಯ ಕೆಲಸ ಬೇರೊಬ್ಬ ಗೌಂಡಿಯ ಪಾಲಾಯಿತು. ಆಮೇಲೆ ಇನ್ನೊಂದು. ಯಾರೂ ಜಗಳವಾಡಲಿಲ್ಲ. ಕರೆಯುವುದನ್ನು ಬಿಟ್ಟರು, ಅಷ್ಟೇ.

ಸ್ಲ್ಯಾಬ್ ವಾರ ಕಳೆದು ನಿಧಾನವಾಗಿ ಬಿಗಿಯಿತು. ಭಾವನವರು ತಿಂಗಳಿಗೂ ಹೆಚ್ಚು ಕಾಲ ಕೆಳಗೆ ಆಸರೆಗೆ ನಿಲ್ಲಿಸಿದ್ದ ಕಂಬಗಳನ್ನು ಬಿಚ್ಚಗೊಡಲಿಲ್ಲ. ದಿನಾಲು ಹಸಿ ಗೋಣಿ ಹೊದಿಸಿ, ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಕಿವಿಯಿಟ್ಟು ಕೇಳುತ್ತಿದ್ದರು. ಜ್ವರ ಬಂದ ಕೂಸಿಗೂ ಯಾರೂ ಹಾಗೆ ಮಾಡಿರಲಾರರು.

ಕಂಬ ತೆಗೆಯುವ ದಿನ ಎಲ್ಲರನ್ನೂ ಹೊರಗೆ ಕಳಿಸಿ, ಕೊನೆಯ ಕಂಬವನ್ನು ತಾವೇ ಬಡಿದು ಬೀಳಿಸಿ, ಆ ಸ್ಲ್ಯಾಬಿನ ನಟ್ಟನಡುವೆ ಕೆಳಗೆ ಕುಳಿತುಬಿಟ್ಟರು. ಬಿದ್ದರೆ ತಮ್ಮ ಮೇಲೆ ಬೀಳಲಿ ಎಂದು! ಬೀಳಲಿಲ್ಲ. ತಡೆಯಲಾಗದೆ ನಾನು ಒಳಗೆ ಹೋದೆ.

“ಬಾವಾರ, ಬೆಲ್ಲ ಹಾಕಿದಾಕಿ ನಾನ್ರಿ.”

“ಗೊತ್ತೈತಿ ಯವ್ವಾ. ಅಂಜಿದವರ ಕೈ ಜಾಸ್ತಿನ ಹಾಕತೈತಿ. ಯಾರ ಮುಂದೂ ಹೇಳಬ್ಯಾಡ. ಇದ ಓಣ್ಯಾಗ ನೀ ಮಕ್ಕಳನ್ನ ಬೆಳಸಬೇಕು.”

ನಾನು ಹೇಳಲಿಲ್ಲ. ಉಳಿದ ಆಯುಷ್ಯವನ್ನು ಅವರು ಕಟ್ಟೆ, ಬಚ್ಚಲು ದುರಸ್ತಿ ಮಾಡಿಯೇ ಕಳೆದರು. ಹೋದ ವರ್ಷ ಅವರನ್ನು ಮಣ್ಣು ಮಾಡಿದ ದಿನವೂ ಯಾರೋ ಒಬ್ಬರು “ಭಾಳ ಚಲೋ ಮನಷ್ಯಾ, ಆದ್ರ ಆ ಒಂದು ಸ್ಲ್ಯಾಬ್ ಕೆಡಿಸಿದ” ಎಂದರು. ಆಗಲೂ ನನಗೆ ಬಾಯಿ ಬರಲಿಲ್ಲ.

ಮಕ್ಕಳೇ, ನೀವು ನನ್ನಷ್ಟು ನಾಚುವವರಲ್ಲ. ಇನ್ನು ಯಾರಾದರೂ ಹಾಗೆ ಅಂದರೆ ಸುಮ್ಮನಿರಬೇಡಿ. ಕೆಡಿಸಿದಾಕಿ ನಮ್ಮಜ್ಜಿ, ಅವರು ಉಳಿಸಿಕೊಟ್ಟವರು ಎಂದು ಗಟ್ಟಿಯಾಗಿ, ಓಣಿಗೆಲ್ಲ ಕೇಳುವಂತೆ ಹೇಳಿ.