ಹಳೇ ಶಾಖೆಯ ಏಳನೇ ಪ್ರಶ್ನೆ

ಎಲ್ಲ ಶುರುವಾದದ್ದು ಮುಖ್ಯ ಕಚೇರಿಯಿಂದ ಬಂದ ಒಂದು ಸಣ್ಣ ಇ-ಮೇಲಿನಿಂದ. ಬೆಳಿಗ್ಗೆ ಶಟರ್ ಎತ್ತಿಸಿ ಕುರ್ಚಿಯಲ್ಲಿ ಆಗತಾನೇ ಕೂತಿದ್ದ ಸೂಪರ್ ಮಾರ್ಕೆಟ್ಟಿನ ಮ್ಯಾನೇಜರು ಅದನ್ನು ಓದುತ್ತಾ ಓದುತ್ತಾ ಎದ್ದು ನಿಂತರು.

'ಹಳೆಯ ಶಾಖೆಗಳ ಅವಸ್ಥೆಯಿಂದ ಇಡೀ ಸಂಸ್ಥೆಯ ಹೆಸರು ಕೆಡುತ್ತಿದೆ. ಇಂದು ನಮ್ಮ ಅಧಿಕಾರಿ ಬಂದು ಹನ್ನೆರಡು ಗ್ರಾಹಕರನ್ನು ಮಾತಾಡಿಸುತ್ತಾರೆ. ಏಳನೇ ಪ್ರಶ್ನೆ ಮುಖ್ಯ: ಈ ಅಂಗಡಿಯಲ್ಲಿ ತೀರಾ ಹಳತಾಗಿರುವುದು ಯಾವುದು? ಎಲ್ಲರಿಂದ ಸೇರಿ ಒಂದೆರಡು ಬೇರೆ ಬೇರೆ ಉತ್ತರವಷ್ಟೇ ಬಂದರೆ ಅಷ್ಟನ್ನು ಬದಲಾಯಿಸುತ್ತೇವೆ. ಎರಡು ದಾಟಿದರೆ ಶಾಖೆ ಮುಚ್ಚಿ, ಮ್ಯಾನೇಜರನ್ನು ಗೋದಾಮಿಗೆ ಕಳಿಸುತ್ತೇವೆ.'

ಗೋದಾಮು ಎಂಬ ಪದ ಕಂಡದ್ದೇ ಮ್ಯಾನೇಜರು ಕುರ್ಚಿಯ ಬೆನ್ನು ಹಿಡಿದುಕೊಂಡರು. ಅಲ್ಲಿಗೆ ಮೂರು ಬಸ್ಸು ಬದಲಾಯಿಸಿ ಹೋಗಬೇಕು. ಒಂದು ಕಿಟಕಿಯೂ ಇಲ್ಲ. ಹೋದ ವರ್ಷ ಅಲ್ಲಿಗೆ ಹೋದ ಇನ್ನೊಂದು ಶಾಖೆಯ ಮ್ಯಾನೇಜರು ಈಗ ಚಕ್ರ ಮುರಿದ ಟ್ರಾಲಿಗಳ ಜೊತೆ ಸುಖದುಃಖ ಮಾತಾಡುತ್ತಾರಂತೆ!

ಅವರು ಗಾಬರಿಯಿಂದ ಸುತ್ತ ನೋಡಿದರು. ತಾನಾಗಿ ತೆರೆಯಬೇಕಾದ ಗಾಜಿನ ಬಾಗಿಲು, ಮೂರನೇ ಟೈಲ್ಸನ್ನು ಜೋರಾಗಿ ತುಳಿಯದಿದ್ದರೆ ತೆರೆಯುತ್ತಿರಲಿಲ್ಲ. ಹಾಲಿನ ಫ್ರಿಜ್ಜು ಗೂರಲು ಹಿಡಿದ ಮುದುಕನ ಹಾಗೆ ಸದ್ದು ಮಾಡುತ್ತಿತ್ತು. ಸೀಲಿಂಗು ಆಗಾಗ ಉದುರುತ್ತಿತ್ತು. ಇಪ್ಪತ್ತಾರು ವರ್ಷದಿಂದ ಇವೆಲ್ಲ ಅವರಿಗೆ ಮನೆಮಂದಿಯಂತಾಗಿದ್ದವು. ಅವರು ಫೋನ್ ಹಿಡಿದು ಖಾಯಂ ಗಿರಾಕಿಗಳಿಗೆಲ್ಲ ಒಂದೇ ಮಾತು ಹೇಳಿದರು.

"ದಮ್ಮಯ್ಯ, ಬಾಗಿಲು ಅನ್ಬೇಡಿ, ಫ್ರಿಜ್ ಅನ್ಬೇಡಿ, ಸೀಲಿಂಗ್ ಅನ್ಬೇಡಿ. ಅಂಗಡೀಲಿರೋ ಒಂದು ಸಾಮಾನಿನ ಹೆಸರೂ ಎತ್ಬೇಡಿ!"

"ನನಗೆ ಬಿಡಿ. ಎಲ್ಲರನ್ನೂ ನಾನು ನೋಡ್ಕೋತೀನಿ," ಎಂದರು ಹಿಂದಿನ ಬೀದಿಯ ನಿವೃತ್ತ ಹೆಡ್‌ಮಿಸ್ಟ್ರೆಸ್. ನೂರಾರು ಮಕ್ಕಳನ್ನು ಬರೀ ಕಣ್ಣಲ್ಲೇ ಸಾಲಾಗಿ ನಿಲ್ಲಿಸಿದವರು ಅವರು.

ಹತ್ತು ಗಂಟೆಗೆ ಅಧಿಕಾರಿಣಿ ಬಂದರು. ಬಾಗಿಲು ತೆರೆಯಲಿಲ್ಲ. ಅವರು ಹಿಂದೆ ಸರಿದರು, ಮುಂದೆ ಬಂದರು, ಗಾಜಿಗೆ ಕೈಯಾಡಿಸಿದರು. ಅಷ್ಟರಲ್ಲಿ ಎದುರಿನ ಕ್ಷೌರದಂಗಡಿಯಾತ ಬಂದು, ಮೂರನೇ ಟೈಲ್ಸಿನ ಮೇಲೆ ಧಡ್ಡನೆ ಕುಪ್ಪಳಿಸಿ ಒಳಗೆ ನಡೆದುಬಿಟ್ಟ. ಅವನ ಬೆನ್ನಿಗೇ ಬಾಗಿಲು ಮುಚ್ಚಿಕೊಂಡಿತು. ಅಧಿಕಾರಿಣಿ ಬಾಯಿ ಬಿಟ್ಟುಕೊಂಡು ನಿಂತರು. ಕೊನೆಗೆ ಅವರೂ ಬ್ಯಾಗು ಅವುಚಿಕೊಂಡು ಕುಪ್ಪಳಿಸಿಯೇ ಒಳಗೆ ಬರಬೇಕಾಯಿತು.

"ಇದೇನ್ರೀ ಇದು?"

"ಗಿರಾಕಿಗಳ ಆರೋಗ್ಯಕ್ಕೆ ಒಳ್ಳೇದು ಮೇಡಂ," ಎಂದರು ಮ್ಯಾನೇಜರು ಬೆವರೊರೆಸಿಕೊಳ್ಳುತ್ತಾ.

ಅದೇ ಹೊತ್ತಿಗೆ ಫ್ರಿಜ್ಜು ಗುಡುಗತೊಡಗಿತು. ಮ್ಯಾನೇಜರು ಓಡಿಹೋಗಿ ಅದಕ್ಕೆ ಬೆನ್ನು ಕೊಟ್ಟು ಒತ್ತಿ ನಿಂತರು. ಫ್ರಿಜ್ಜು ಸುಮ್ಮನಾಯಿತು, ಮ್ಯಾನೇಜರು ನಡುಗತೊಡಗಿದರು. ಸರಿದರೆ ಸದ್ದು, ಹೀಗಾಗಿ ಅಂದು ಅವರು ನಿಂತಲ್ಲೇ ನಿಂತರು. ಅಲ್ಲಿಂದಲೇ ನೋಡುತ್ತಿದ್ದಂತೆ ಸೀಲಿಂಗಿನ ಒಂದು ಚೂರು ಕಳಚಿ ಹೆಡ್‌ಮಿಸ್ಟ್ರೆಸರ ಟ್ರಾಲಿಗೆ ದೊಪ್ಪನೆ ಬಿತ್ತು. ಅಧಿಕಾರಿಣಿ ಕಿಟಾರನೆ ಕಿರುಚಿದರು.

"ಯಾಕೆ ಕಿರುಚ್ತೀರಿ? ಇದು ನಾನೇ ತಗೊಂಡಿದ್ದು," ಎಂದರು ಹೆಡ್‌ಮಿಸ್ಟ್ರೆಸ್, ಅದರ ಮೇಲೆ ಬಿಸ್ಕತ್ ಪೊಟ್ಟಣ ಜೋಡಿಸುತ್ತಾ.

ಅಧಿಕಾರಿಣಿ ಟ್ಯಾಬ್ ತೆಗೆದು ಹೆಡ್‌ಮಿಸ್ಟ್ರೆಸರಿಂದಲೇ ಪ್ರಶ್ನೆ ಶುರುಮಾಡಿದರು. ಆರು ಸಲೀಸಾಗಿ ಮುಗಿದವು. ಏಳನೆಯದಕ್ಕೆ ಹೆಡ್‌ಮಿಸ್ಟ್ರೆಸ್, "ಹಳೇದು ಏನೂ ಇಲ್ಲ. ಮುಂದೆ ಹೋಗಿ," ಎಂದರು.

"ಖಾಲಿ ಬಿಟ್ರೆ ಈ ಟ್ಯಾಬ್ ಮುಂದಕ್ಕೆ ಹೋಗಲ್ಲ ಮೇಡಂ. ಏನಾದ್ರೂ ಒಂದು ಹೇಳ್ಲೇಬೇಕು."

ಹೆಡ್‌ಮಿಸ್ಟ್ರೆಸರ ನೋಟ ಬಾಗಿಲಿಗೆ ಹೋಯಿತು, ಸೀಲಿಂಗಿಗೆ ಹೋಯಿತು, ನೆಟ್ಟಗೆ ಫ್ರಿಜ್ಜಿನ ಕಡೆ ತಿರುಗಿ ನಿಂತಿತು. ಮ್ಯಾನೇಜರು ಕಣ್ಣು ಮುಚ್ಚಿಕೊಂಡರು. ತೆರೆದಾಗ ಹೆಡ್‌ಮಿಸ್ಟ್ರೆಸ್ ಎದುರಿಗೇ ನಿಂತು ನಗುತ್ತಿದ್ದರು.

"ಹೆದರ್ಬೇಡಿ. ಅಂಗಡಿಗೆ ಏನೂ ಆಗದಂಥ ಉತ್ತರ ಹುಡುಕಿದೀನಿ. ಉಳಿದವರಿಗೂ ಅದನ್ನೇ ಹೇಳೋಕೆ ಹೇಳ್ತೀನಿ."

"ಏನು ಉತ್ತರ ಟೀಚರ್?"

"ಪರೀಕ್ಷೆ ಮುಗಿಯೋ ತನಕ ಉತ್ತರ ಹೇಳೋ ಅಭ್ಯಾಸ ನನಗಿಲ್ಲ."

ಮ್ಯಾನೇಜರು ಯೋಚಿಸಿದರು. ಫೋನಿನಲ್ಲಿ ತಾವು ಹೇಳಲು ಮರೆತದ್ದು ಯಾವುದು? ಬಾಗಿಲ ಬಳಿಯ ಕಾಲೊರಸು! ಅಂಗಡಿ ತೆರೆದ ದಿನದಿಂದಲೂ ಅದು ಅಲ್ಲೇ ಇತ್ತು. ಅದೇ ಇರಬೇಕು. ಹೋದ ಜೀವ ಬಂದಂತಾಯಿತು.

ಕ್ಷೌರದಂಗಡಿಯಾತ ಉತ್ತರಿಸಿ ಇವರತ್ತ ಕಣ್ಣು ಮಿಟುಕಿಸಿದ. ದರ್ಜಿ ಹೆಬ್ಬೆರಳೆತ್ತಿದ. ಒಬ್ಬರಾದ ಮೇಲೊಬ್ಬರು ಬಂದು ಹೋದರು. ಸಂಜೆ ಹನ್ನೆರಡನೆಯವರಾಗಿ ಮ್ಯಾನೇಜರ ಹೆಂಡತಿಯೇ ಬಂದು, ಹೆಡ್‌ಮಿಸ್ಟ್ರೆಸರ ಮುಖ ನೋಡಿ, ಕೊಂಚವೂ ತಡವರಿಸದೆ ಉತ್ತರ ಕೊಟ್ಟರು.

ಅಧಿಕಾರಿಣಿ ಎದ್ದು ನಿಂತರು. "ನನ್ನ ಸರ್ವೀಸಲ್ಲೇ ಹೀಗಾಗಿದ್ದು ಇಲ್ಲ. ಹನ್ನೆರಡಕ್ಕೆ ಹನ್ನೆರಡು ಜನ ಒಂದೇ ಉತ್ತರ! ನಿಮ್ಮ ಶಾಖೆ ಉಳೀತು. ಆ ಒಂದನ್ನ ಬದಲಾಯಿಸೋಕೆ ನಿಮ್ಮ ಸಹಿ ಬೇಕು. ಆದ್ರೂ ಒಂದ್ಸಲ ಯೋಚನೆ ಮಾಡಿ. ಇಷ್ಟು ವರ್ಷ ಇಲ್ಲೇ..."

"ಯೋಚನೆ ಏನ್ ಬಂತು ಮೇಡಂ!" ಮ್ಯಾನೇಜರು ಸಂತೋಷದಲ್ಲಿ ಫ್ರಿಜ್ಜನ್ನೂ ಬಿಟ್ಟು ಬಂದರು. "ಇಪ್ಪತ್ತಾರು ವರ್ಷ ಎಲ್ಲರೂ ತುಳಿದು ತುಳಿದು ಸವೆದುಹೋಗಿದೆ. ಇನ್ನೇನು ಉಪಯೋಗ? ಸೋಮವಾರಾನೇ ಎತ್ತಿ ಬಿಸಾಕಿ!"

ಅಧಿಕಾರಿಣಿಯ ಕಣ್ಣು ಒದ್ದೆಯಾಯಿತು. "ಎಷ್ಟು ದೊಡ್ಡ ಮನಸ್ಸು ನಿಮ್ದು! ಆದ್ರೆ ಬಿಸಾಕಲ್ಲ. ಗೋದಾಮಿಗೆ ಕಳಿಸ್ತೀವಿ."

ಮ್ಯಾನೇಜರು ಟ್ಯಾಬಿನ ಪರದೆಯ ಮೇಲೆ ಬೆರಳಿನಿಂದ ಉದ್ದಕ್ಕೆ ಸಹಿ ಎಳೆದರು. ಆಮೇಲೆ ಓದಿದರು. 'ಬದಲಾಯಿಸಬೇಕಾದದ್ದು: ಮ್ಯಾನೇಜರ್.'

ಅವರು ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಹಿಂದೆ ಫ್ರಿಜ್ಜು ಮನಸಾರೆ ಗುಡುಗುತ್ತಿತ್ತು.

"ಉತ್ತರ ಚೆನ್ನಾಗಿದೆ ಅಲ್ವಾ?" ಎಂದರು ಹೆಡ್‌ಮಿಸ್ಟ್ರೆಸ್. "ಮೊದಲ ದಿನದಿಂದ ಇಲ್ಲಿರೋರು ನೀವೊಬ್ರೇ ಅಂತ ಎಲ್ರೂ ಹೆಮ್ಮೆಯಿಂದ ಹೇಳಿದ್ವಿ."

ಮ್ಯಾನೇಜರು ಹೆಂಡತಿಯ ಕಡೆ ತಿರುಗಿದರು. "ನೀನೂನಾ?"

"ನನ್ನನ್ಯಾಕ್ರೀ ಹಾಗೆ ನೋಡ್ತೀರಿ? ಸಾಮಾನಿನ ಹೆಸರು ಎತ್ಬೇಡಿ ಅಂದೋರು ನೀವೇ. ಸಾಮಾನು ಬಿಟ್ರೆ ಇಲ್ಲಿ ಇನ್ನೇನಿದೆ ಹೇಳಿ!"

ಗರಬಡಿದವರಂತೆ ಬಾಗಿಲತ್ತ ನಡೆದ ಮ್ಯಾನೇಜರು ಕಾಲೊರಸಿನ ಅಂಚು ತಗುಲಿ ಮುಗ್ಗರಿಸಿದರು. ಅಧಿಕಾರಿಣಿ ಬಗ್ಗಿ ಅದನ್ನು ಎತ್ತಿ, ಎರಡು ಬಾರಿ ಕೊಡವಿ, ಇದ್ದ ಜಾಗದಲ್ಲೇ ನೀಟಾಗಿ ಹಾಸಿದರು.

"ಇದಕ್ಕೇನೂ ಆಗಿಲ್ಲ," ಎಂದರು. "ಇನ್ನೂ ಹತ್ತು ವರ್ಷ ಬರುತ್ತೆ."