ಸ್ವಿಚ್ಚಿನ ಅರ್ಧ ನಿಮಿಷ

ಶಿರ್ತಾಡಿ ಕಡೆಯ ಆ ಸಣ್ಣ ಕಾಲೇಜಿನಲ್ಲಿದ್ದ ಮೂವತ್ತು ಕಂಪ್ಯೂಟರುಗಳಿಗೂ ಹಾರ್ಡ್ ಡಿಸ್ಕ್ ಇರಲಿಲ್ಲ. ಖರ್ಚು ಉಳಿಸಲು ಆಡಳಿತ ಮಂಡಳಿ ಹುಡುಕಿದ ಉಪಾಯ ಅದು. ಪ್ರತಿ ಬೆಳಿಗ್ಗೆ ಅವು ಮೂಲೆಯ ಸರ್ವರನ್ನು ವಯರಿನ ಮೂಲಕ ಕೂಗಿ ಕರೆದು, ಅಲ್ಲಿಂದ ಜೀವ ಪಡೆದು ಏಳಬೇಕು. ಒಂದು ವರ್ಷ ಎದ್ದವು. ತಪಾಸಣಾ ಸಮಿತಿ ಬರುತ್ತದೆಂದು, ವಯರುಗಳೆಲ್ಲ ಬಂದು ಸೇರುವ ಹಳೆಯ ಸ್ವಿಚ್ ಪೆಟ್ಟಿಗೆ ತೆಗೆದು ಹೊಸತನ್ನು ಕೂರಿಸಿದ ಮರುದಿನ ಒಂದೂ ಏಳಲಿಲ್ಲ.

ಲ್ಯಾಬ್ ನೋಡಿಕೊಳ್ಳುತ್ತಿದ್ದ ಅಬ್ದುಲ್ ನಾಸಿರ್ ಮೇಜಿನಡಿ ತೂರಿ ವಯರುಗಳನ್ನು ಒಂದೊಂದಾಗಿ ಎಳೆದು ನೋಡಿದ. ಹನ್ನೊಂದಕ್ಕೆ ಸಮಿತಿ. ಅದು ಒಪ್ಪಿದರೆ ಮೂರು ವರ್ಷದ ತಾತ್ಕಾಲಿಕ ಕೆಲಸ ಖಾಯಂ ಎಂದು ಪ್ರಾಂಶುಪಾಲೆ ವಾಗ್ದೇವಿ ಮಾತು ಕೊಟ್ಟಿದ್ದರು.

"ಏನಾಯ್ತು ನಾಸಿರ್?" ಎಂದು ಅವರೇ ಬಂದು ಕೇಳಿದರು.

"ಸ್ವಿಚ್ಚಿಂದು ಪ್ರಾಬ್ಲೆಮ್ ಉಂಟು ಮೇಡಂ."

ಬಾಗಿಲಲ್ಲಿದ್ದ ಆಫೀಸ್ ಸೂಪರಿಂಟೆಂಡೆಂಟ್ ಲೋಕಯ್ಯನಿಗೆ ಅಷ್ಟೇ ಸಾಕಾಯಿತು. ನಾಸಿರ್ ಮೇಜಿನಡಿಯಿಂದ ತೆವಳಿ ಹೊರಬರುವಷ್ಟರಲ್ಲಿ ಅವನು ಕರೆಸಿದ ಎಲೆಕ್ಟ್ರಿಷಿಯನ್ ಚನಿಯಪ್ಪ ಮೈನ್ ಇಳಿಸಿ, ಗೋಡೆಯ ಆರು ಸ್ವಿಚ್ಚುಗಳನ್ನು ಬಿಚ್ಚಿ ಸಾಲಾಗಿ ಇಟ್ಟಿದ್ದ.

"ಇದಲ್ಲ ಮಾರಾಯ್ರೆ! ನನ್ನ ಸ್ವಿಚ್ ಬೇರೆ!"

"ಸ್ವಿಚ್ಚಲ್ಲಿ ನಿಮ್ಮದು, ನಮ್ಮದು ಅಂತ ಉಂಟಾ? ಒತ್ತಿದ್ರೆ ಹತ್ತಬೇಕು, ಅಷ್ಟೇ," ಎಂದ ಲೋಕಯ್ಯ.

ಕರೆಂಟು ಬಂದಾಗ ಹತ್ತು ಗಂಟೆ. ಕಾಮರ್ಸಿನ ಜುಲೈಕಾ ಇಣುಕಿ, "ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿ" ಎಂದರು. ನಲವತ್ತು ಸಲ ಮಾಡಿದ್ದ ನಾಸಿರ್ ಮರ್ಯಾದೆಗೆಂದು ಇನ್ನೊಮ್ಮೆ ಮಾಡಿದ. ಈ ಸಲ ಅವನ ಕಣ್ಣು ಹೊಸ ಪೆಟ್ಟಿಗೆಯ ದೀಪದ ಮೇಲಿತ್ತು. ಅರ್ಧ ನಿಮಿಷ ಹಳದಿ, ಆಮೇಲೆ ಹಸಿರು. ಅಷ್ಟರೊಳಗೆ ಕಂಪ್ಯೂಟರು ಕೂಗಿ ಕೂಗಿ ಸೋತಿತ್ತು.

ಹೊಸ ಸ್ವಿಚ್ಚಿಗೆ ಭಾರಿ ಸಂಶಯ. ವಯರು ಸುತ್ತಿಕೊಂಡು ತನ್ನಲ್ಲಿಗೇ ವಾಪಸು ಬಂದಿದೆಯೇ ಎಂದು ಅರ್ಧ ನಿಮಿಷ ಪರೀಕ್ಷಿಸಿದ ಮೇಲೆಯೇ ದಾರಿ ಬಿಡುತ್ತಿತ್ತು. ನಾಸಿರ್ ಆ ಪರೀಕ್ಷೆಯನ್ನೇ ಪೂರ್ತಿ ಬಂದ್ ಮಾಡಿದ. ಹಾಜರಿ ಕರೆದಾಗ ಮಕ್ಕಳು "ಎಸ್ ಸರ್" ಅಂದಂತೆ ಮೂವತ್ತೂ ಒಂದರ ಹಿಂದೆ ಒಂದು ಎದ್ದವು.

ಸಮಿತಿ ಬಂತು. ನಾಸಿರ್ ಎದೆಯುಬ್ಬಿಸಿ ವಿವರಿಸುತ್ತಿದ್ದಾಗ, ಸ್ವಿಚ್ಚಿನಿಂದ ಜೋತಾಡುತ್ತಿದ್ದ ಒಂದು ವಯರು ಲೋಕಯ್ಯನ ಕಣ್ಣಿಗೆ ಬಿತ್ತು. ಅತಿಥಿಗಳೆದುರು ಎಂಥ ಅಸಹ್ಯ! ಅದರ ತುದಿಯನ್ನು ಮೆಲ್ಲನೆ ಅದೇ ಸ್ವಿಚ್ಚಿನ ಖಾಲಿ ತೂತಿಗೆ ಚುಚ್ಚಿದ.

ಪೆಟ್ಟಿಗೆಯ ದೀಪಗಳು ಮದುವೆ ಮನೆಯ ಸೀರಿಯಲ್ ಸೆಟ್ಟಿನಂತೆ ಕುಣಿದವು. ಮೂವತ್ತು ಪರದೆಗಳೂ ಕಲ್ಲಾದವು.

ನಾಸಿರ್ ಓಡಿ ವಯರು ಕಿತ್ತ. "ಲೋಕಯ್ಯಣ್ಣ, ಎಂಥ ಮಾಡಿದ್ದು ನೀವು!"

ಸಮಿತಿಯಲ್ಲಿ ವಿಷಯ ಬಲ್ಲವರೊಬ್ಬರಿದ್ದರು. "ವಯರು ಹಾಗೆ ಸುತ್ತಿಕೊಂಡರೆ ತಡೆಯುವ ವ್ಯವಸ್ಥೆ ಈ ಸ್ವಿಚ್ಚಲ್ಲೇ ಉಂಟಲ್ಲ. ಅದನ್ನು ಬಂದ್ ಮಾಡಿದ್ದು ಯಾರು?"

ನಾಸಿರ್ ಕೈಯೆತ್ತಿದ.

ಸಂಜೆ ವರದಿ ಬಂತು: ಮಾನ್ಯತೆ ಕೊಡಬಹುದು, ಆದರೆ ಲ್ಯಾಬಿಗೆ ಜವಾಬ್ದಾರಿಯುತ ಹಿರಿಯರೊಬ್ಬರ ಉಸ್ತುವಾರಿ ಬೇಕು. ವಾಗ್ದೇವಿ ಮೇಡಂ ಸಹಿ ಮಾಡಿದ ಆದೇಶ ಹಿಡಿದು ಲ್ಯಾಬಿನೊಳಗೆ ಬಂದವನು ಲೋಕಯ್ಯ.

"ನೀವಿನ್ನು ಒಂದು ವರ್ಷ ತಾತ್ಕಾಲಿಕವೇ ನಾಸಿರ್," ಎಂದು ಕುರ್ಚಿ ಎಳೆದು ಕೂತ. "ನಾಳೆಯಿಂದ ಎಂಥದೇ ಮುಟ್ಟುವ ಮೊದಲು ನನ್ನ ಹತ್ರ ಕೇಳಿ. ಈಗ ಹೇಳಿ, ಇದ್ರಲ್ಲಿ ಸರ್ವರ್ ಯಾವುದು?"