ಮಾವನ ಕಂಬಳಿಯ ಮೇಲೆ ಕೂರದ ಹನ್ನೊಂದು ದಿನ

ಮನುಷ್ಯ ಕುಳಿತುಕೊಳ್ಳಲು ಕಲಿತ ದಿನವೇ ನಾಗರಿಕತೆ ಆರಂಭವಾಯಿತೆಂದು ನನ್ನ ಬಲವಾದ ನಂಬಿಕೆ. ನಿಂತಿರುವವನು ಬೇಟೆಯಾಡಬಲ್ಲ, ಓಡಬಲ್ಲ, ಹೆಚ್ಚೆಂದರೆ ಬಸ್ಸು ಕಾಯಬಲ್ಲ. ನ್ಯಾಯ ಹೇಳಬೇಕೆಂದರೆ, ಹೆಣ್ಣು ಕೇಳಬೇಕೆಂದರೆ, ಹೊಟ್ಟೆ ತುಂಬ ಉಣ್ಣಬೇಕೆಂದರೆ ಕುಳಿತೇ ಆಗಬೇಕು. ಇಂಥ ಘನವಾದ ಸತ್ಯವನ್ನು ಕಂಡುಕೊಂಡ ನಾನು ಪರದೇಶದಲ್ಲಿ, ನನ್ನ ಸ್ವಂತ ಕೋಣೆಯಲ್ಲಿ, ಹಗಲು ಹೊತ್ತು ಹನ್ನೊಂದು ದಿನ ಕುಳಿತುಕೊಳ್ಳಲಿಲ್ಲ. ಕಾರಣ, ನನ್ನ ಸೋದರಮಾವ.

ಮಾವನ ಬಗ್ಗೆ ಮೊದಲೇ ಒಂದು ಮಾತು ಹೇಳಿಬಿಡುವುದು ವಾಸಿ. ಅವರಿಗೆ ಅತಿಥಿಯಾಗಿರಲು ಬರುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಅರ್ಧ ಗಂಟೆಯೊಳಗೆ ಅವರೇ ಯಜಮಾನರು, ಮನೆಯವರೇ ನೆಂಟರು. ಹಿರಿಯೂರಿನಲ್ಲಿ ಒಬ್ಬ ವಕೀಲರನ್ನು ಕಾಣಲು ಹೋಗಿ, ವಕೀಲರನ್ನೇ ಅವರ ಕುರ್ಚಿಯಲ್ಲಿ ಕೂರಿಸಿ, ಅವರ ಹೆಂಡತಿಗೆ ಹೇಳಿ ಅವರಿಗೇ ಕಾಫಿ ಕೊಡಿಸಿ, 'ಸಂಕೋಚ ಮಾಡ್ಕಬ್ಯಾಡ್ರಿ, ನಿಮ್ಮನೆ ಅಂತ ತಿಳ್ಕಳ್ರಿ' ಎಂದು ಉಪಚಾರ ಹೇಳಿ ಬಂದವರು.

ಅವರ ಊರು ಯಲ್ಲದಕೆರೆ. ಮನೆತನ ಕುರಿ ಸಾಕುವವರದು. ಎಪ್ಪತ್ತರ ದಶಕದ ನಡುವಿನಲ್ಲಿ ಅವರು ಉಣ್ಣೆ ನೇಕಾರರ ಸಹಕಾರ ಸಂಘವೊಂದಕ್ಕೆ ಅಧ್ಯಕ್ಷರಾಗಿದ್ದರು. ಸರ್ಕಾರ ಇಂಥ ಐದಾರು ಅಧ್ಯಕ್ಷರನ್ನು ಒಟ್ಟುಗೂಡಿಸಿ, ಕುರಿ ಮತ್ತು ಗಿರಣಿ ನೋಡಿಕೊಂಡು ಬನ್ನಿ ಎಂದು ಇಂಗ್ಲೆಂಡಿಗೆ ಕಳಿಸಿತು. ನಾನು ಅಲ್ಲಿನ ಉತ್ತರದ ಒಂದು ಗಿರಣಿ ಊರಿನಲ್ಲಿ ಉಣ್ಣೆಯ ಬಗ್ಗೆಯೇ ಓದುತ್ತಿದ್ದೆ. ಉಳಿದ ಅಧ್ಯಕ್ಷರು ನೋಡಿದ್ದು ಸಾಕೆಂದು ಊರಿಗೆ ಹೊರಟರು. ಮಾವ ಮಾತ್ರ ಕ್ರಿಸ್‌ಮಸ್ ರಜೆ ಕಳೆಯಲು ನನ್ನ ಕೋಣೆಗೆ ಬಂದಿಳಿದರು. ತಲೆಗೆ ರುಮಾಲು, ಒಂದು ಕೈಯಲ್ಲಿ ರಾಗಿಹಿಟ್ಟು ಮತ್ತು ಹುರುಳಿಯ ಚೀಲ, ಹೆಗಲ ಮೇಲೆ ಕರಿ ಕಂಬಳಿ.

ರಾಗಿಹಿಟ್ಟಿಗೆ ನಾನು ಹೆದರಲಿಲ್ಲ. ಹೆದರಿದ್ದು ಕಂಬಳಿಗೆ.

ನಮ್ಮ ಮನೆಗಳಲ್ಲಿ ಕಂಬಳಿ ಎಂದರೆ ಹೊದ್ದು ಮಲಗುವ ವಸ್ತುವಷ್ಟೇ ಅಲ್ಲ. ಯಾವುದೇ ಮುಖ್ಯ ಮಾತುಕತೆ ನಡೆಯಬೇಕಾದರೆ ನೆಲಕ್ಕೆ ಕಂಬಳಿ ಹಾಸುತ್ತಾರೆ. ಎರಡೂ ಕಡೆಯವರು ಅದರ ಮೇಲೆ ಕೂರುತ್ತಾರೆ. ಅಲ್ಲಿ ಆಡಿದ ಮಾತನ್ನು ಆಮೇಲೆ ಯಾರೂ ಇಲ್ಲವೆನ್ನುವಂತಿಲ್ಲ. ಸ್ಟಾಂಪ್ ಪೇಪರಾದರೆ ಹರಿಯಬಹುದು, ಕಂಬಳಿ ಹರಿಯುತ್ತದೆಯೇ? ನಾನು ಚಡ್ಡಿಯ ಅಗತ್ಯವನ್ನು ಇನ್ನೂ ಮನಗಾಣದಿದ್ದ ಕಾಲದಲ್ಲಿ ನನ್ನ ತಾಯಿ ಮತ್ತು ಮಾವ ಇದೇ ಕಂಬಳಿಯ ಮೇಲೆ ಕುಳಿತು, ಮಾವನ ಮಗಳನ್ನು ನನಗೆ ತರುವುದೆಂದು ಮಾತಾಡಿಕೊಂಡಿದ್ದರು. ಕಂಬಳಿಯ ನೂಲನ್ನು ನೂತವಳೂ ನನ್ನ ತಾಯಿಯೇ. ಅವಳು ತೀರಿಕೊಂಡು ಆಗ ಮೂರು ವರ್ಷವಾಗಿತ್ತು.

ಮಾವನ ಮಗಳ ಮೇಲೆ ನನ್ನ ದೂರೇನೂ ಇರಲಿಲ್ಲ. ಒಂದೇ ಅಂಗಳದಲ್ಲಿ ಬೆಳೆದವರು ನಾವು. ಹುರಿಗಡಲೆ ಹಂಚಿಕೊಳ್ಳುವ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದು ಅವಳು ನನ್ನ ಮುಂಗೈ ಕಚ್ಚಿದ ಗುರುತು ಈಗಲೂ ಇದೆ. ಅವಳನ್ನು ನೆನೆದರೆ ಅಕ್ಕರೆ ಬರುತ್ತಿತ್ತು, ಕೈ ಹಿಂದಕ್ಕೆ ಹೋಗುತ್ತಿತ್ತು. ಮದುವೆಯ ಯೋಚನೆ ಮಾತ್ರ ಯಾವ ದಿಕ್ಕಿನಿಂದಲೂ ಬರುತ್ತಿರಲಿಲ್ಲ. ಹಾಗೆಂದು ಮಾವನ ಮುಖ ನೋಡಿ ಹೇಳುವ ಧೈರ್ಯವೂ ಇರಲಿಲ್ಲ. ಕಂಬಳಿಯ ಮೇಲೆ ನಾನು ಕುಳಿತೆನೋ, ಮಾವ ಮಾತೆತ್ತಿದರೋ, ಮುಗಿಯಿತು. ಆದ್ದರಿಂದ ಕೂರಕೂಡದೆಂದು ನಿಶ್ಚಯಿಸಿದೆ.

ನಿಶ್ಚಯ ಸುಲಭ, ಕೋಣೆ ಸಣ್ಣದು. ಬಂದ ದಿನವೇ ಮಾವ ಕಂಬಳಿ ಬಿಚ್ಚಿ ಹಾಸಿದರು. ನೆಲ ಮುಗಿದುಹೋಯಿತು. ಇದ್ದೊಂದು ಕುರ್ಚಿಯ ಮೇಲೆ ಅವರ ರುಮಾಲು ಕೂತಿತು. ರುಮಾಲನ್ನು ಎಬ್ಬಿಸಿ ಅಲ್ಲಿ ನಾನು ಕೂರುವುದುಂಟೇ? ಉಳಿದದ್ದು ಮಂಚ. ಹಿರಿಯರು ನೆಲದ ಮೇಲೆ ಕುಳಿತಿರುವಾಗ ಕಿರಿಯರು ಮಂಚದ ಮೇಲೆ ಕೂರುವುದು ನಮ್ಮ ಕಡೆ ಕಾಲು ಮುರಿಸಿಕೊಳ್ಳುವ ಕೆಲಸ. ಹೀಗಾಗಿ ಗೋಡೆಯ ಅಂಚು ಹಿಡಿದು, ಗದ್ದೆಯ ಬದುವಿನ ಮೇಲೆ ನಡೆದಂತೆ ನಡೆದು, ಕಿಟಕಿಯ ಬಳಿ ನಿಂತೆ.

'ಯಾಕಪ್ಪ ನಿಂತೀಯ? ಬಾ, ಕುಂತ್ಕಾ' ಎಂದರು ಮಾವ.

'ಇಲ್ಲ ಮಾವ, ಇಲ್ಲಿ ಚಳಿ ಅಲ್ವಾ. ನಿಂತಿದ್ರೆ ರಕ್ತ ಓಡಾಡ್ತೈತೆ.'

ಮಾವ ಯೋಚಿಸಿ, 'ಹಂಗಾರೆ ನಾನೂ ನಿಂತ್ಕಬೇಕಾ?' ಎಂದರು.

'ನೀವು ಹೊಸಬರು. ನಿಮ್ಮ ರಕ್ತದಾಗೆ ಇನ್ನೂ ಊರ ಬಿಸಿ ಐತೆ.'

ಈ ವೈದ್ಯಶಾಸ್ತ್ರವನ್ನು ಮಾವ ಒಪ್ಪಿದರೆಂದು ನಾನು ತಿಳಿದೆ. ಊಟ ನಿಂತೇ ಮಾಡಿದೆ. ಓದು ನಿಂತೇ ಓದಿದೆ. ದಿನಕ್ಕೆ ನಾಲ್ಕು ಸಲ ಅವರು ಪಕ್ಕದ ಜಾಗ ತಟ್ಟಿ 'ಕುಂತ್ಕಳಲೇ' ಎನ್ನುವರು. ನನಗೆ ತಕ್ಷಣ ಪೋಸ್ಟಾಫೀಸಿನ ಕೆಲಸ ನೆನಪಾಗುವುದು. ಕ್ರಿಸ್‌ಮಸ್ ದಿನವೂ ನಾನು ಪೋಸ್ಟಾಫೀಸಿಗೆ ಹೋಗಿ ಅದರ ಮುಚ್ಚಿದ ಬಾಗಿಲನ್ನು ನೋಡಿಕೊಂಡು ಬಂದೆ.

ಮೂರನೆಯ ದಿನ ಮನೆಯೊಡತಿ ಮೇಲೆ ಬಂದಳು. ಅರವತ್ತು ದಾಟಿದ ವಿಧವೆ, ಮೊಣಕಾಲು ನೋವಿನ ಹೆಂಗಸು. ಬಾಡಿಗೆದಾರರ ನೆಂಟರು ಮೂರು ರಾತ್ರಿಗಿಂತ ಹೆಚ್ಚು ಉಳಿಯಕೂಡದೆಂದು ಆಕೆಯ ಕಾನೂನು. ಹೇಳಲು ಬಂದದ್ದೂ ಅದನ್ನೇ. ಬಾಗಿಲಲ್ಲಿ ನಿಂತು ಬಾಯಿ ತೆರೆಯುವುದರೊಳಗೆ ಮಾವ ಎದ್ದು ಕೈ ಮುಗಿದು, 'ಬರ್ರಿ ತಾಯಿ, ಕುಂತ್ಕಳ್ರಿ. ನಿಮ್ಮನೆ ಅಂತ ತಿಳ್ಕಳ್ರಿ' ಎಂದರು.

ಆಕೆಯದೇ ಮನೆ ಅದು. ಆದರೂ ಆಕೆ ಚಪ್ಪಲಿ ಬಿಟ್ಟು, ಗೋಡೆ ಹಿಡಿದು, ಕಂಬಳಿಯ ಮೇಲೆ ಕುಳಿತೇಬಿಟ್ಟಳು. ಕುಳಿತವಳು ಅಂಚನ್ನು ಬೆರಳಿನಲ್ಲಿ ಉಜ್ಜಿ ನೋಡಿ, ಇದು ಯಂತ್ರದ ನೂಲಲ್ಲ, ಯಾರೋ ಕೈಯಲ್ಲಿ ನೂತಿದ್ದಾರೆ ಎಂದಳು. ಮದುವೆಗೆ ಮುಂಚೆ ಗಿರಣಿಯಲ್ಲಿ ಕೆಲಸ ಮಾಡಿದವಳಂತೆ. ನಾನದನ್ನು ಕನ್ನಡಕ್ಕೆ ತಿರುಗಿಸಿದಾಗ ಮಾವನ ಮುಖ ಅರಳಿತು.

'ಕಂಬಳಿ ಮ್ಯಾಲೆ ಕುಂತವ್ರೆ. ಈಗ್ಲೇ ಕೇಳ್ಬಿಡು, ನಾನು ಹೊರಡೋತನಕ ಇಲ್ಲೇ ಇರ್ಬೋದಾ ಅಂತ.'

ನನಗೆ ಧೈರ್ಯ ಸಾಲಲಿಲ್ಲ. 'ನಿಮಗೆ ಮೊಣಕಾಲು ನೋವೇ ಎಂದು ನಮ್ಮ ಮಾವ ಕೇಳುತ್ತಿದ್ದಾರೆ' ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಕಣ್ಣು ತುಂಬಿಕೊಂಡು ಹೌದೆಂದು ಮೂರು ಸಲ ತಲೆಯಾಡಿಸಿದಳು.

'ನೋಡಿದ್ಯಾ?' ಎಂದರು ಮಾವ. 'ಒಂದು ಸಲ ಕೇಳಿದ್ದಕ್ಕೆ ಮೂರು ಸಲ ಒಪ್ಪಿದ್ರು. ಸುಮ್ನೆ ಹೆದರ್ತೀಯ ನೀನು.'

ಇನ್ನು ನಿಜವನ್ನು ಯಾರಿಗೆ ಹೇಳಲಿ? ಮೊಣಕಾಲಿನ ಸಂಗತಿಯನ್ನು ಮಾವನಿಗೆ ಬೇರೆಯಾಗಿ ತಿಳಿಸಿದೆ. ಅವರು ಹುರುಳಿಯನ್ನು ಬಿಸಿ ಮಾಡಿ ಬಟ್ಟೆಯಲ್ಲಿ ಗಂಟು ಕಟ್ಟಿ, ಬೆಳಿಗ್ಗೆ ಸಂಜೆ ಶಾಖ ಕೊಟ್ಟುಕೊಳ್ಳಲು ಕೊಟ್ಟರು. ಎರಡು ದಿನದಲ್ಲಿ ಆಕೆ ಮೆಟ್ಟಿಲನ್ನು ಗೋಡೆ ಹಿಡಿಯದೆ ಹತ್ತಿದಳು. ಮೂರು ರಾತ್ರಿಯ ಕಾನೂನನ್ನು ಮತ್ತೆ ಎತ್ತಲಿಲ್ಲ. ಅದರ ಮೇಲೆ, ಕ್ರಿಸ್‌ಮಸ್ ಊಟಕ್ಕೆ ನಮ್ಮಿಬ್ಬರನ್ನೂ ಕೆಳಗೆ ಕರೆದಳು.

ಕರೆದವಳು ಆಕೆ ಎಂಬುದು ಹನ್ನೆರಡು ಗಂಟೆಯವರೆಗೆ ಎಲ್ಲರಿಗೂ ನೆನಪಿತ್ತು. ಆಮೇಲೆ ಮಾವ ಮುಂಬಾಗಿಲಲ್ಲಿ ನಿಂತರು. ಆಕೆಯ ತಂಗಿ ಗಂಡನೊಡನೆ ಬಂದಳು. ನನ್ನ ಜೊತೆ ಓದುತ್ತಿದ್ದ, ರಜೆಗೆ ಊರಿಗೆ ಹೋಗಲಾಗದ ಇಬ್ಬರು ಗೆಳೆಯರು, ಒಬ್ಬ ಪಂಜಾಬಿನವನು, ಒಬ್ಬ ಆಫ್ರಿಕಾದವನು, ಮಾವನ ಆಹ್ವಾನದ ಮೇರೆಗೆ ಬಂದರು. ಬಂದವರಿಗೆಲ್ಲ ಮಾವ ಚೊಂಬು ಹಿಡಿದು, 'ಬರ್ರಿ, ಕಾಲು ತೊಳ್ಕಳ್ರಿ' ಎಂದರು. ಹೊರಗೆ ಹಿಮ ಬಿದ್ದಿತ್ತು. ತಂಗಿಯ ಗಂಡ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವನು. ಅವನು ಒಂದು ಕ್ಷಣ ಚೊಂಬನ್ನೂ ಮಾವನನ್ನೂ ನೋಡಿ, ಬೂಟು ಕಾಲುಚೀಲ ಕಳಚಿ ಕಾಲು ತೊಳೆದುಕೊಂಡ. ಅವನು ಹಲ್ಲು ಕಟಕಟಿಸುತ್ತ ಒಳಗೆ ಹೋದದ್ದನ್ನು ನೋಡಿ ಮಾವ, 'ಮರ್ಯಾದೆಯ ಮನುಷ್ಯ' ಎಂದರು.

ಮುದ್ದೆ ಕೋಲು ಸಿಗದಿದ್ದಾಗ ಮನೆಯೊಡತಿ ತೀರಿಹೋದ ಗಂಡನ ಕ್ರಿಕೆಟ್ ಸ್ಟಂಪನ್ನು ತಾನೇ ತೊಳೆದು ತಂದುಕೊಟ್ಟಳು. ಹೀಗೆ ಆ ಮನೆಯ ಮೇಜಿನ ಮೇಲೆ ಟರ್ಕಿ ಕೋಳಿಯ ಪಕ್ಕದಲ್ಲಿ ಏಳು ರಾಗಿಮುದ್ದೆಗಳು ಕುಳಿತವು. 'ಅಗೀಬ್ಯಾಡ್ರಿ, ನುಂಗ್ರಿ' ಎಂದು ಮಾವ ಒಬ್ಬೊಬ್ಬರ ಹಿಂದೆ ನಿಂತು ಹೇಳಿದರು, ನಾನು ಅನುವಾದಿಸಿದೆ. ಮೇಜಿನ ಸುತ್ತ ಕುರ್ಚಿಗಳಿದ್ದವು. ಅಂದು ಕಂಬಳಿಯ ಭಯವಿಲ್ಲದೆ ಕುಳಿತು ಉಂಡ ಸುಖವನ್ನು ನಾನು ಮರೆತಿಲ್ಲ.

ಇದಾದ ಮೇಲೆ ಮಾವನ ಕೀರ್ತಿ ಊರಾಚೆಗೂ ಹಬ್ಬಿತು. ಒಂದು ದಿನ ನನ್ನ ಜೊತೆ ವಾಕಿಂಗ್ ಹೊರಟವರು ಕಲ್ಲುಗೋಡೆ ಹಾರಿ ಯಾರದೋ ಹುಲ್ಲುಗಾವಲಿಗೆ ಇಳಿದು, ಕುರಿಯೊಂದರ ಬಾಯಿ ಬಿಡಿಸಿ ಹಲ್ಲು ನೋಡತೊಡಗಿದರು. ಕುರಿಯ ಒಡೆಯ ಕೂಗುತ್ತ ಓಡಿ ಬಂದ. ಮಾವ ಮೂಲೆಯಲ್ಲಿದ್ದ ಇನ್ನೊಂದು ಕುರಿಯನ್ನು ತೋರಿಸಿ, ತಮ್ಮ ಕಾಲನ್ನೇ ಕುಂಟಿಸಿ, ಗೊರಸಿನ ಸಂದಿಯಲ್ಲಿ ಕೀವಾಗಿದೆಯೆಂದು ಅಭಿನಯಿಸಿದರು. ಅವನು ಹೋಗಿ ಗೊರಸು ಎತ್ತಿ ನೋಡಿದ. ಹತ್ತು ನಿಮಿಷದ ಮೇಲೆ ನಾವು ಅವನ ಅಡುಗೆಮನೆಯಲ್ಲಿದ್ದೆವು. ಮಾವ ಅವನಿಗೆ ಚಹಾ ಬಗ್ಗಿಸಿ ಕೊಡುತ್ತಿದ್ದರು.

ಹನ್ನೊಂದನೆಯ ದಿನ ಮಾವ ಹೊರಡುವ ದಿನ. ಮಧ್ಯಾಹ್ನದ ರೈಲು. ಎಲ್ಲವನ್ನೂ ಕಟ್ಟಿದರು, ರುಮಾಲು ಸುತ್ತಿದರು. ಕಂಬಳಿ ಮಾತ್ರ ಹಾಸಿದಂತೆಯೇ ಇತ್ತು. ಅದರ ನಡುವೆ ಕುಳಿತು, 'ಕುಂತ್ಕಾ' ಎಂದರು.

'ರೈಲಿಗೆ ಹೊತ್ತಾಗ್ತೈತೆ ಮಾವ.'

'ಹೋದ್ರೆ ಹೋಗ್ಲಿ. ಕುಂತ್ಕಾ.'

ಇನ್ನು ಪೋಸ್ಟಾಫೀಸು ನನ್ನನ್ನು ಕಾಪಾಡುವಂತಿರಲಿಲ್ಲ. ಕಿಟಕಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಹತ್ತು ದಿನದಿಂದ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ. 'ತಪ್ಪು ತಿಳ್ಕಬ್ಯಾಡ್ರಿ ಮಾವ. ನಿಮ್ಮ ಮಗಳು ನನಗೆ ತಂಗಿ ಇದ್ದಂಗೆ. ಮದುವೆ ನನ್ನಿಂದ ಆಗಲ್ಲ.'

ಕಣ್ಣು ತೆರೆದಾಗ ಮಾವ ನನ್ನನ್ನೇ ನೋಡುತ್ತಿದ್ದರು. ಸಿಟ್ಟಿರಲಿಲ್ಲ. ದೊಡ್ಡ ದಡ್ಡನೊಬ್ಬನನ್ನು ಹತ್ತಿರದಿಂದ ನೋಡುವ ಕುತೂಹಲವಿತ್ತು.

'ಇಷ್ಟು ಹೇಳಾಕೆ ಹನ್ನೊಂದು ದಿನ ಕೊಕ್ಕರೆ ನಿಂತಂಗೆ ನಿಂತಿದ್ದೇನಲೇ?'

ನಾನು ಎತ್ತಿದ್ದ ಒಂದು ಕಾಲನ್ನು ಮೆಲ್ಲಗೆ ಕೆಳಗಿಟ್ಟೆ.

'ಅವಳೇ ನಿನ್ನ ಬ್ಯಾಡ ಅಂದು ಒಂದು ವರ್ಷ ಆತು. ದುರ್ಗಕ್ಕೆ ಹೋಗಿ ಟೀಚರ್ ಟ್ರೇನಿಂಗ್ ಮಾಡ್ತಾಳಂತೆ. ಬರೋ ಜೂನಿಗೆ ಸೇರ್ಬೇಕಂತೆ. ನಿನ್ನ ಕಟ್ಕಂಡ್ರೆ ಜೀವಮಾನ ಪೂರ್ತಿ ಹುರಿಗಡಲೆಗೆ ಜಗಳ ಆಡ್ಬೇಕಾಗ್ತದೆ ಅಂತಾಳೆ.'

'ಮತ್ತೆ ಕಳಿಸೋದಲ್ವಾ ಮಾವ?'

'ಹೆಂಗೆ ಕಳಿಸ್ಲಿ? ನಿಮ್ಮವ್ವಂಗೆ ಮಾತು ಕೊಟ್ಟೀನಿ. ಇದ್ರ ಮ್ಯಾಲೆ ಕುಂತು ಕೊಟ್ಟಿದ್ದನ್ನ ಇದ್ರ ಮ್ಯಾಲೆ ಕುಂತೇ ಬಿಡಿಸ್ಕಬೇಕು. ಅಕ್ಕ ಇದ್ದಿದ್ರೆ ಅಕ್ಕನ್ನೇ ಕೇಳ್ತಿದ್ದೆ. ಅಕ್ಕನ ಬದ್ಲು ಕುಂತ್ಕಳ್ಳೋನು ನೀನೊಬ್ನೇ. ಅದ್ಕೇ ಹೊತ್ಕಂಡು ಬಂದಿದ್ದು.'

'ಒಂದು ಕಾಗದ ಬರೆದಿದ್ರೆ ಆಗ್ತಿತ್ತಲ್ಲ ಮಾವ.'

'ಕಾಗದದ ಮ್ಯಾಲೆ ಕುಂತ್ಕಳ್ಳಾಕಾಗ್ತದೇನಲೇ?'

'ಈಗ ಹೇಳಿದೆನಲ್ಲ, ಬ್ಯಾಡ ಅಂತ.'

'ನಿಂತು ಹೇಳಿದ್ದು ಲೆಕ್ಕಕ್ಕಿಲ್ಲ.'

ನಾನು ಚಪ್ಪಲಿ ಬಿಟ್ಟೆ. ಹನ್ನೊಂದು ದಿನ ಅಂಚಿನಲ್ಲೇ ಸುತ್ತಿದ ಕಾಲು ಕಂಬಳಿಯ ಮೇಲೆ ಬಂತು. ಕುಳಿತೆ. ಅಂಗೈಗೆ ಉಣ್ಣೆ ಒರಟಾಗಿ ತಗುಲಿತು. ಅದರಲ್ಲಿ ಕುರಿಯ ವಾಸನೆ, ಹೊಗೆಯ ವಾಸನೆ, ನಮ್ಮ ಮನೆಯ ಹಜಾರದ ವಾಸನೆ ಇತ್ತು. ನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಅವ್ವ ನೂಲುವಾಗ ಮಾತಾಡುತ್ತಿದ್ದಳು. ಮಾತು ಜೋರಾದಲ್ಲೆಲ್ಲ ಎಳೆ ದಪ್ಪವಾಗುತ್ತಿತ್ತು.

ಮಾವ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರು ಬರಿತಲೆಯಲ್ಲಿ ಇದ್ದದ್ದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಮುಖ ನೋಡಿ, 'ಅಕ್ಕ' ಎಂದರು. ತೊಡೆಯ ಮೇಲಿನ ರುಮಾಲನ್ನು ಒಮ್ಮೆ ಸರಿಪಡಿಸಿದರು. ಆಮೇಲೆ, 'ಹುಡುಗಿ ಓದ್ತೀನಿ ಅಂತೈತೆ. ನನ್ನ ಮಾತು ನನಗೆ ಕೊಟ್ಬಿಡು' ಎಂದರು.

'ಕೊಟ್ಟೆ ಕಣಪ್ಪ' ಎಂದೆ. ಅವ್ವ ತಮ್ಮನಿಗೆ ಹಾಗೆಯೇ ಹೇಳುತ್ತಿದ್ದಳು.

ರೈಲು ಹೋಗಿತ್ತು. ಮಾವ ಸಂಜೆಯ ರೈಲಿಗೆ ಹೊರಟರು. ಕಂಬಳಿಯನ್ನು ನನಗೆ ಬಿಟ್ಟು ಹೋದರು. ಮಗಳು ಜೂನಿನಲ್ಲಿ ದುರ್ಗದಲ್ಲಿ ಟ್ರೇನಿಂಗಿಗೆ ಸೇರಿದಳು, ಎರಡು ವರ್ಷದ ಮೇಲೆ ಆದಿವಾಲದ ಶಾಲೆಯಲ್ಲಿ ಮೇಡಂ ಆದಳು.